ತಣ್ಣಗಿನ ನಳಿಗೆಯನ್ನು ನಂಬದ ಚಿತ್ತರಂಜನಣ್ಣ
ರೈಫಲ್ ನಳಿಗೆಗೆ ಸುತ್ತಿದ ಕಪ್ಪು ಕಾರ್ಬನ್ ಫೈಬರನ್ನು ಮಂಗಳೂರಿನ ಮಳೆಗೆ ತೊಡಿಸಿದ ರೈನ್‌ಕೋಟ್ ಎಂದುಕೊಂಡಿದ್ದ ಗುಮಾಸ್ತ ನಾನು. ನಮ್ಮ ಶೂಟಿಂಗ್ ಕ್ಲಬ್ಬಿನ ಕೋಚ್ ಚಿತ್ತರಂಜನಣ್ಣನಿಗೆ ಅದರ ಮೇಲೆ ನಂಬಿಕೆಯೇ ಇಲ್ಲ. "ಹೊರಗೆ ತಣ್ಣಗುಂಟು ಅಂತ ಮೋಸ ಹೋಗ್ಬೇಡ ಮಾರಾಯ, ಬಿಸಿಯನ್ನು ಅದು ಹೊರಗೆ ಬರ್ಲಿಕ್ಕೆ ಬಿಡುದಿಲ್ಲ, ಒಳಗಿನ ಉಕ್ಕು ಕಾದಿರ್ತದೆ" ಎಂದು ಆಗಾಗ ಎಲ್ಲರ ಶೂಟಿಂಗ್ ನಿಲ್ಲಿಸುತ್ತಾರೆ. ಉರ್ವದ ಹೋಟೆಲಿನಲ್ಲಿ ಚಹಾ ಆರಿದ ಮೇಲೂ ಲೋಟವನ್ನು ಬೆರಳ ತುದಿಯಿಂದ ಪರೀಕ್ಷಿಸುತ್ತಾರೆ; ನಿಂತ ಸ್ಕೂಟರಿನ ಸೈಲೆನ್ಸರಿನಿಂದಲೂ ಮಾರು ದೂರ ನಡೆಯುತ್ತಾರೆ. ಮೊನ್ನೆ ನನ್ನ ಗುಂಡು ಹಾರದೆ ಬಿಸಿ ನಳಿಗೆಯಲ್ಲೇ ಉಳಿಯಿತು. ಆ ಕಾವಿಗೆ ಯಾವ ಕ್ಷಣದಲ್ಲಾದರೂ ಸಿಡಿಯಬಹುದಿತ್ತು. ಅವರು ಎಲ್ಲರನ್ನೂ ಗೋಡೆಯಾಚೆ ಅಟ್ಟಿ, ರೈಫಲ್ಲನ್ನು ಗುರಿಯ ಕಡೆಗೇ ಹಿಡಿದು ಒಬ್ಬರೇ ಕೂತರು. ನಳಿಗೆ ತಣಿಯಲಿ ಎಂದು ಗಡಿಯಾರವನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. "ಹೆದರಿಕೆಯಾ ಅಣ್ಣ?" ಎಂದು ಬಾಗಿಲಲ್ಲೇ ಉಳಿದಿದ್ದ ನಾನು ಕೇಳಿಬಿಟ್ಟೆ. "ಹೌದು. ನೀನಿನ್ನೂ ಇಲ್ಲಿ ಎಂತ ಮಾಡುದು? ಹೋಗು ಹೊರಗೆ!"