ಬಾಗಿಲ ಹಿಂದೆ ಏನಿತ್ತು?

ಕಾದಂಬರಿಕಾರರು ಓದುಗರನ್ನು ಹೇಗೆ ಹಿಡಿದಿಡುತ್ತಾರೆ ಅಂತ ಚಾಮರಾಜನಗರದ ಕಾಲೇಜಿನಲ್ಲಿ ಭಾಷಣ ಮಾಡಿ ಗುಂಡ್ಲುಪೇಟೆ ಬಸ್ಸು ಹತ್ತಿದ್ದೆ. ಪಕ್ಕದಲ್ಲಿದ್ದ ಹಂಗಳದ ಅಜ್ಜಿ, "ಏನ್ ಭಾಷ್ಣ ಮಾಡ್ದೆ ಮಗ?" ಅಂದರು. ಸುಲಭವಾಗಲಿ ಅಂತ ಉದಾಹರಣೆ ಕೊಟ್ಟೆ. "ಒಬ್ಬಳು ಬಾಗಿಲು ತೆಗೆದು ಕಿಟಾರನೆ ಕಿರುಚಿದಳು ಅಂತ ಬರೆದು ಅಧ್ಯಾಯ ಮುಗಿಸೋದು. ಆಗ ಓದೋರು ಪುಸ್ತಕ ಕೆಳಗಿಡಲ್ಲ."

"ಒಳ್ಗೇನಿತ್ತು?"

"ಏನೂ ಇಲ್ಲಜ್ಜಿ, ಬರೀ ಉದಾಹರಣೆ."

"ಏನೂ ಇಲ್ದೆ ಯಾಕ್ ಕಿರುಚ್ಕಂಡ್ಲು?"

ಮುಂದಿನ ಸೀಟಿನವರು ತಿರುಗಿದರು. ಒಬ್ಬರು ಚಿರತೆ ಅಂದರು, ಇನ್ನೊಬ್ಬರು ಗಂಡನ ಹೆಣ ಅಂದರು. "ಪಾಪ, ಚಿಕ್ ವಯ್ಸು ಕಣಪ್ಪ ಅವ್ಳಿಗೆ" ಅಂತ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ವಯಸ್ಸನ್ನು ನಾನು ಹೇಳಿಯೇ ಇರಲಿಲ್ಲ.

ಗುಂಡ್ಲುಪೇಟೆ ಬಂದಾಗ ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತ. "ಹೇಳ್ಬುಟ್ಟು ಇಳೀರಿ ಸಾರ್." ಎದುರಿಗೇ ಹಂಗಳದ ಬಸ್ಸು ಹೊರಟರೂ ಅಜ್ಜಿ ಕದಲಲಿಲ್ಲ. ಅವರ ಕಣ್ಣೀರು ನೋಡಲಾಗದೆ, "ಬೆಕ್ಕು" ಅಂದುಬಿಟ್ಟೆ.

ಅಜ್ಜಿ ಸೆರಗು ಕೆಳಗಿಳಿಸಿದರು.

"ಥೂ! ಒಂದ್ ಬೆಕ್ಕಿಗೆ ನನ್ ಬಸ್ ಓಯ್ತಲ್ಲಪ್ಪ!"

ತಪ್ಪು ನನ್ನದೇ ಅಂತ ಎಲ್ಲರೂ ತೀರ್ಮಾನಿಸಿದ್ದರಿಂದ ಆಟೋ ಹಿಡಿದು ಅಜ್ಜಿಯನ್ನು ಹಂಗಳಕ್ಕೆ ಬಿಟ್ಟುಬಂದೆ. ದಾರಿಯುದ್ದಕ್ಕೂ ನಾನು ತುಟಿ ಬಿಚ್ಚಲಿಲ್ಲ. ಆಟೋದವನು ಕುತೂಹಲದ ಮನುಷ್ಯನ ಹಾಗೆ ಕಾಣುತ್ತಿದ್ದ.