ಚಿಲಕ ನನ್ನ ಕೈಯಲ್ಲಿತ್ತು

ಐಸ್ ಹಾಕಿಯಲ್ಲಿ ತಪ್ಪು ಮಾಡಿದ ಆಟಗಾರನನ್ನು ಗಾಜಿನ ಒಂದು ಚಿಕ್ಕ ಕೋಣೆಯಲ್ಲಿ ಕೂರಿಸುತ್ತಾರೆ. ಕಾಲು ಅಡ್ಡ ಕೊಟ್ಟು ಬೀಳಿಸಿದರೆ ಎರಡು ನಿಮಿಷ, ಗುದ್ದಾಡಿದರೆ ಐದು ನಿಮಿಷ. ಅದಕ್ಕೆ ಪೆನಾಲ್ಟಿ ಬಾಕ್ಸ್ ಎನ್ನುತ್ತಾರೆ. ಅದರ ಬಾಗಿಲು ತೆರೆದು ಮುಚ್ಚುವುದಕ್ಕೆ ಒಬ್ಬರು ಬೇಕು. ಸ್ಯಾನ್ ಡಿಯಾಗೋದಲ್ಲಿ ನಡೆಯುವ ಒಂದು ವೃತ್ತಿಪರ ತಂಡದ ಪಂದ್ಯಗಳಿಗೆ ಆ ಒಬ್ಬರು ನಾನು.

ಹೇಳಿದರೆ ಯಾರೂ ನಂಬುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಹೆಂಗಸು ನಾನು, ಇದೇ ಊರಿನ ಸೊರೆಂಟೊ ವ್ಯಾಲಿಯಲ್ಲಿ ಕೆಲಸ. ಎಲೆಕ್ಟ್ರಾನಿಕ್ ಚಿಪ್‌ಗಳನ್ನು ಬಿಸಿಗೂ ಚಳಿಗೂ ಒಡ್ಡಿ ಯಾವುದು ಕೆಡುತ್ತದೆ ಎಂದು ಪತ್ತೆ ಮಾಡಿ ವರದಿ ಬರೆಯುತ್ತೇನೆ. ಕೋವಿಡ್ ಇಳಿದು ಕ್ರೀಡಾಂಗಣಗಳು ಮತ್ತೆ ತೆರೆದಾಗ ಇಂಥ ಸಣ್ಣಪುಟ್ಟ ಕೆಲಸಗಳಿಗೆ ಜನ ಸಿಗುತ್ತಿರಲಿಲ್ಲ. ಆಫೀಸಿನಲ್ಲಿ ನನ್ನ ಪಕ್ಕದಲ್ಲಿ ಕೂರುವವನು ಪಂದ್ಯಗಳ ಗಡಿಯಾರ ನೋಡಿಕೊಳ್ಳುತ್ತಿದ್ದ. ಬಾಗಿಲಿಗೆ ಒಬ್ಬರು ಬೇಕು, ಬರ್ತೀರಾ ಎಂದ. ಮಗಳು ಚಿಕ್ಕವಳಿದ್ದಾಗ ಸ್ಕೇಟಿಂಗ್ ಕಲಿಯುತ್ತಿದ್ದಳು, ಐಸಿನ ಪಕ್ಕ ನಡುಗುತ್ತ ಕೂತು ನನಗೆ ಅಭ್ಯಾಸವಿತ್ತು. ಎರಡು ಸ್ವೆಟರು ಹಾಕಿಕೊಂಡು ಹೋದೆ.

ಕೆಲಸ ಸುಲಭ. ಆಟಗಾರ ಬಂದರೆ ಬಾಗಿಲು ತೆಗೆಯಬೇಕು. ಅವನ ಹೊತ್ತು ಮುಗಿಯುವುದಕ್ಕೆ ಹತ್ತು ಸೆಕೆಂಡ್ ಇದೆ ಎನ್ನುವಾಗ ಹೇಳಬೇಕು. ಸೊನ್ನೆಯಾದ ತಕ್ಷಣ ಚಿಲಕ ಎಳೆಯಬೇಕು. ಅವನೊಂದಿಗೆ ಹರಟೆ ಹೊಡೆಯಬಾರದು. ಮನೆಯಲ್ಲಿ ಮಗಳು ನನ್ನ ಮಾತಿಗೆ ಕಿವಿಗೊಡದ ಕಾಲದಲ್ಲಿ, ಆರೂವರೆ ಅಡಿ ಎತ್ತರದ ಗಂಡಸರು ನಾನು ಹೇಳಿದಲ್ಲಿ ಕೂತು, ನಾನು ಬಿಟ್ಟಾಗ ಏಳುತ್ತಿದ್ದರು. ಅದರ ಖುಷಿಯೇ ಬೇರೆ.

ನಮ್ಮ ತಂಡದಲ್ಲಿ ಒಬ್ಬನಿದ್ದ. ಮುಂದಿನ ಎರಡು ಹಲ್ಲು ಇಲ್ಲ, ಮೂಗು ಎರಡು ಕಡೆಗೂ ತಿರುಗಿ ಕೊನೆಗೆ ನಡುವೆ ನಿಂತಿತ್ತು. ನಮ್ಮವರನ್ನು ಯಾರಾದರೂ ಮುಟ್ಟಿದರೆ ಹೋಗಿ ಬಡಿಯುವುದೇ ತಂಡದಲ್ಲಿ ಅವನ ಕೆಲಸ. ಹಾಗಾಗಿ ಬೇರೆಲ್ಲರಿಗಿಂತ ಹೆಚ್ಚಾಗಿ ನನ್ನ ಪಕ್ಕ ಕೂರುತ್ತಿದ್ದವನು ಅವನೇ. ಮನಸ್ಸಿನಲ್ಲಿ ಅವನಿಗೆ ಪೈಲ್ವಾನ್ ಎಂದು ಹೆಸರಿಟ್ಟಿದ್ದೆ. ಒಳಗೆ ಬರುವಾಗ ಮೇಡಂ ಎನ್ನುತ್ತಿದ್ದ, ಹೋಗುವಾಗ ಕೋಲಿನಿಂದ ಬಾಗಿಲನ್ನು ಎರಡು ಸಲ ತಟ್ಟುತ್ತಿದ್ದ. ಹರಟೆ ಕೂಡದು ಎಂಬ ನಿಯಮವನ್ನು ಇಬ್ಬರೂ ಸ್ವಲ್ಪ ಸ್ವಲ್ಪವೇ ಮುರಿದೆವು. ಮಗಳ ಗಣಿತ ಪರೀಕ್ಷೆ ಏನಾಯಿತು ಎಂದು ತುಟಿಯ ರಕ್ತ ಒರೆಸಿಕೊಳ್ಳುತ್ತ ಅವನು ಕೇಳಿದ್ದು ನನಗೆ ನೆನಪಿದೆ. ಅವನೆಂದರೆ ನನಗೆ ಇಷ್ಟವಿತ್ತು. ಅದನ್ನು ಮುಚ್ಚಿಟ್ಟು ಈ ಕಥೆ ಹೇಳಲು ಬರುವುದಿಲ್ಲ.

ಇಷ್ಟ ಒಂದು ಕಡೆ, ಶಿಕ್ಷೆ ಇನ್ನೊಂದು ಕಡೆ. ಶಿಕ್ಷೆಯ ವಿಷಯದಲ್ಲಿ ನನಗೆ ಯಾವತ್ತೂ ಅನುಮಾನವಿರಲಿಲ್ಲ. ನನ್ನ ತಾಯಿ ಮೈಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್. ಒಂದು ಸಲ ಖೋ ಖೋ ಆಡುವಾಗ ಒಬ್ಬಳು ಇನ್ನೊಬ್ಬಳನ್ನು ಬೇಕೆಂದೇ ತಳ್ಳಿ ಕೈ ಮುರಿದಳು. ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ಬಿದ್ದವಳು ಮತ್ತೆ ಆಡುವವರೆಗೆ ಬೀಳಿಸಿದವಳೂ ಆಡುವಂತಿಲ್ಲ ಎಂದರು, ಅಷ್ಟೇ. ತಳ್ಳಿದವಳು ಬೇವಿನ ಮರದ ಕೆಳಗೆ ಕೂತು, ಬಿದ್ದವಳಿಗೆ ನೋಟ್ಸ್ ಬರೆದುಕೊಡುತ್ತ ವಾರಗಟ್ಟಲೆ ಕಳೆದಳು. ಆಮೇಲೆ ಆ ಮೈದಾನದಲ್ಲಿ ಯಾರೂ ಯಾರನ್ನೂ ತಳ್ಳಲಿಲ್ಲ.

ಈ ಕಾನೂನನ್ನು ನಾನು ಆಫೀಸಿನ ಕ್ಯಾಂಟೀನಿನಲ್ಲಿ, ದಾವತ್ ಊಟಗಳಲ್ಲಿ, ಸಿಕ್ಕಸಿಕ್ಕವರ ಎದುರು ಮಂಡಿಸುತ್ತಿದ್ದೆ. ದಂಡ ಹಾಕಿದರೆ ಈ ಆಟಗಾರರಿಗೆ ಇರುವೆ ಕಚ್ಚಿದ ಹಾಗೆ. ಐದು ನಿಮಿಷ ಕೂರಿಸಿದರೆ ಸುಧಾರಿಸಿಕೊಳ್ಳುವುದಕ್ಕೆ ಬಿಟ್ಟ ಹಾಗೆ. ಇಬ್ಬರೂ ಒಪ್ಪಿ ಕೈಗವಸು ಬಿಸಾಡಿ ಎದುರೆದುರು ಗುದ್ದಾಡಿದರೆ ಅದು ಅವರ ಹಣೆಬರಹ. ಬೆನ್ನ ಹಿಂದಿನಿಂದ ಬಂದು ಇನ್ನೊಬ್ಬನನ್ನು ಐಸಿನ ಸುತ್ತಲಿನ ಗೋಡೆಗೆ ಅಪ್ಪಳಿಸುವವನಿಗೆ ಮಾತ್ರ ನನ್ನ ತಾಯಿಯ ಶಿಕ್ಷೆಯೇ ಸರಿ. ಜಗಳವಿಲ್ಲದಿದ್ದರೆ ಪ್ರೇಕ್ಷಕರು ಬರುವುದಿಲ್ಲ ಎಂದು ಯಾರೋ ವಾದಿಸಿದರು. ಹಾಗಾದರೆ ನೀವೇ ಹೋಗಿ ಗೋಡೆ ಪಕ್ಕ ನಿಲ್ಲಿ, ನಾನು ಟಿಕೆಟ್ ತೆಗೆದುಕೊಂಡು ಬರುತ್ತೇನೆ ಎಂದೆ. ಆಮೇಲೆ ಅವರು ಸಮೋಸದ ಕಡೆ ಗಮನ ಕೊಟ್ಟರು.

ಎರಡನೆಯ ವರ್ಷ, ಒಂದು ಭಾನುವಾರದ ಮಧ್ಯಾಹ್ನದ ಪಂದ್ಯ. ಎದುರು ತಂಡದ ಹುಡುಗನೊಬ್ಬ ಪೈಲ್ವಾನನ ಮಣಿಕಟ್ಟಿಗೆ ಕೋಲು ಬೀಸುತ್ತಲೇ ಇದ್ದ. ರೆಫರಿಗೆ ಅದು ಕಾಣಲಿಲ್ಲ. ಪೈಲ್ವಾನ್ ತಿರುಗಿ ತಳ್ಳಿದ್ದು ಕಂಡಿತು. ಎರಡು ನಿಮಿಷ. ಒಳಗೆ ಬಂದವನು ಮೇಡಂ ಎನ್ನಲಿಲ್ಲ. ಗಾಜಿನ ಆಚೆ ಆ ಹುಡುಗನನ್ನೇ ನೋಡುತ್ತ ಕೂತ. ಆಮೇಲೆ ಮೆಲ್ಲಗೆ, ನನಗೆ ಕೇಳುವಷ್ಟೇ ದನಿಯಲ್ಲಿ, ಹೊರಗೆ ಹೋದ ಮೇಲೆ ಅವನು ಏಳದ ಹಾಗೆ ಮಾಡುತ್ತೇನೆ ಎಂದ. ನಾನು ನಕ್ಕೆ. ಆ ಪೆಟ್ಟಿಗೆಯಲ್ಲಿ ಎಲ್ಲರೂ ಏನೇನೋ ಅನ್ನುತ್ತಾರೆ. ಹತ್ತು ಸೆಕೆಂಡ್ ಎಂದೆ. ಚಿಲಕ ಎಳೆದೆ.

ಅರ್ಧ ನಿಮಿಷವೂ ಆಗಿರಲಿಲ್ಲ. ಆ ಹುಡುಗ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆಗಾಗಿ ಗೋಡೆಯ ಕಡೆ ಮುಖ ಮಾಡಿ ಬಗ್ಗಿದ್ದ. ಪೈಲ್ವಾನ್ ಹಿಂದಿನಿಂದ ಬಂದ. ಆ ಸದ್ದನ್ನು ನಾನು ಬಣ್ಣಿಸುವುದಿಲ್ಲ. ಹುಡುಗ ಏಳಲಿಲ್ಲ. ಸ್ಟ್ರೆಚರ್ ತಂದು, ಕತ್ತಿಗೆ ಪಟ್ಟಿ ಕಟ್ಟಿ ಎತ್ತಿಕೊಂಡು ಹೋದರು. ಪೈಲ್ವಾನನನ್ನು ಆಟದಿಂದಲೇ ಹೊರಗೆ ಹಾಕಿದರು. ನನ್ನ ಕೈ ಇನ್ನೂ ಚಿಲಕದ ಮೇಲೇ ಇತ್ತು.

ಎರಡು ದಿನ ಕಳೆದ ಮೇಲೆ ಪಂದ್ಯಗಳನ್ನು ನಡೆಸುವ ಲೀಗಿನಿಂದ ಇಮೇಲ್ ಬಂತು. ಐಸಿನ ಪಕ್ಕ ಕೆಲಸ ಮಾಡಿದವರೆಲ್ಲ ಕಂಡದ್ದನ್ನು, ಕೇಳಿದ್ದನ್ನು ಬರೆದು ಕಳಿಸಬೇಕು. ಮೊದಲೇ ಹೇಳಿ ಹೊಡೆದ ಎಂದು ಗೊತ್ತಾದರೆ ಶಿಕ್ಷೆ ಬಲು ದೊಡ್ಡದು. ಪೈಲ್ವಾನನ ಕಾಂಟ್ರಾಕ್ಟ್ ಆ ವರ್ಷಕ್ಕೇ ಮುಗಿಯುವುದಿತ್ತು, ಬೇರೆ ಯಾರೂ ಅವನನ್ನು ತೆಗೆದುಕೊಳ್ಳುವ ಹಾಗಿರಲಿಲ್ಲ. ಅವನು ಹೇಳಿದ್ದನ್ನು ಕೇಳಿದವಳು ನಾನೊಬ್ಬಳೇ. ಗಡಿಯಾರದವನು ನನ್ನ ಮೇಜಿನ ಹತ್ತಿರ ಬಂದು, ಪೆಟ್ಟಿಗೆಯ ಮಾತು ಪೆಟ್ಟಿಗೆಯಲ್ಲೇ ಇರಲಿ, ಅದು ಈ ಆಟದ ಪದ್ಧತಿ ಎಂದ. ಮಗಳು ಇಂಗ್ಲಿಷಿನಲ್ಲಿ, ಕೇಳಿದ್ದನ್ನು ಬರೆದುಬಿಡು ಅಮ್ಮಿ, ಇದರಲ್ಲಿ ಯೋಚಿಸುವುದೇನಿದೆ ಎಂದಳು. ಅವಳಿಗೆ ಹದಿನೇಳು ವರ್ಷ.

ಆ ಶನಿವಾರ ಲಾಸ್ ಏಂಜಲೀಸಿಗೆ ಡ್ರೈವ್ ಮಾಡಿಕೊಂಡು ಹೋದೆ. ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ನನ್ನ ಗೆಳತಿಯ ಮನೆ. ಅವಳ ತಂದೆ ಧಾರವಾಡದ ಕಡೆಯವರು, ನಿವೃತ್ತ ನ್ಯಾಯಾಧೀಶರು, ನಮಗೆಲ್ಲ ಜಡ್ಜ್ ಅಂಕಲ್. ಬರೆಯಬೇಕೆಂದು ಆಗಲೇ ನಿರ್ಧರಿಸಿಬಿಟ್ಟಿದ್ದೆ. ಅವರಿಂದ ಭೇಷ್ ಅನ್ನಿಸಿಕೊಳ್ಳುವುದಷ್ಟೇ ಬಾಕಿ ಇತ್ತು. ಊಟದ ನಂತರ ಇಡೀ ಪ್ರಕರಣ ಹೇಳಿ, ಅಮ್ಮನ ಕಾನೂನನ್ನೂ ಮಂಡಿಸಿ, ಅವನು ಎಷ್ಟು ಕಾಲ ಕೂರಬೇಕು ಎಂದು ತೀರ್ಪನ್ನೂ ನಾನೇ ಕೊಟ್ಟೆ. ಅವರು ಮಜ್ಜಿಗೆ ಲೋಟ ಕೆಳಗಿಟ್ಟರು.

"ನಿಮ್ಮವ್ವನ ಕಾಯ್ದೆ ಬರೋಬ್ಬರಿ ಅದ. ಅವಂಗ ಎಷ್ಟು ಶಿಕ್ಷಾ ಅನ್ನೋದು ಆಮ್ಯಾಲ ನೋಡೋಣು. ಅಂವ ಹಂಗಂದ ಮ್ಯಾಲ ಬಾಗಲಾ ತಗದವರು ಯಾರವಾ?"

ಸಿಟ್ಟು ಬಂತು, ಅವರ ಮೇಲೆ. ಸಮಯ ಆದ ಮೇಲೆ ತೆಗೆಯಲೇಬೇಕು, ಅದು ನಿಯಮ ಎಂದೆ. ಅವರು ತಲೆಯಾಡಿಸಿ ಮಜ್ಜಿಗೆ ಲೋಟ ಎತ್ತಿಕೊಂಡರು. ಅಂದು ಪೆಟ್ಟಿಗೆಯಲ್ಲಿ ನನ್ನ ಪಕ್ಕದಲ್ಲೇ ಫೋನ್ ಇತ್ತು. ಗಡಿಯಾರದವನಿಗೆ ಒಂದು ಮಾತು ಹೇಳಿದ್ದರೆ ರೆಫರಿಗೆ ತಲುಪುತ್ತಿತ್ತು. ಅದು ಬೇಡ, ಏನೋ ಅದು ನೀನು ಹೇಳಿದ್ದು ಎಂದು ಪೈಲ್ವಾನನನ್ನೇ ಗದರಿಸಬಹುದಿತ್ತು. ಅವನು ನನ್ನ ಮಾತು ಕೇಳುತ್ತಿದ್ದ, ನನಗೆ ಗೊತ್ತು. ನಾನು ನಕ್ಕಿದ್ದೆ. ವಾಪಸ್ಸು ಬರುವ ದಾರಿಯುದ್ದಕ್ಕೂ ಆ ನಗು ನನಗೆ ಕೇಳಿಸುತ್ತಿತ್ತು.

ಮನೆಗೆ ಬಂದು ಎಲ್ಲ ಬರೆದೆ. ಅವನು ಹೇಳಿದ್ದನ್ನು ಇದ್ದ ಹಾಗೆ ಬರೆದೆ. ಅದರ ಕೆಳಗೆ, ಇದನ್ನು ಕೇಳಿಯೂ ನಕ್ಕು ಬಾಗಿಲು ತೆಗೆದವಳು ನಾನು ಎಂದೂ ಬರೆದೆ. ಕೆಟ್ಟ ಚಿಪ್‌ನ ವರದಿಯಲ್ಲಿ ಪರೀಕ್ಷೆ ಮಾಡಿದವರ ತಪ್ಪನ್ನೂ ಬರೆಯುವ ಅಭ್ಯಾಸ ನನಗಿದೆ.

ಪೈಲ್ವಾನನನ್ನು ಆ ಋತುವಿನ ಉಳಿದ ಎಲ್ಲ ಪಂದ್ಯಗಳಿಂದ ಹೊರಗಿಟ್ಟರು. ನನಗೆ ಧನ್ಯವಾದದ ಪತ್ರ ಬಂತು. ನಿಮ್ಮದೇನೂ ತಪ್ಪಿಲ್ಲ ಎಂದು ಕೊನೆಯ ಸಾಲಿನಲ್ಲಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಪೈಲ್ವಾನನಿಗೊಬ್ಬನಿಗೇ ಹೇಳಿದ ಮಾತಲ್ಲ. ಆ ಹುಡುಗ ಮತ್ತೆ ಆಡುವವರೆಗೆ ನಾನು ಬರುವುದಿಲ್ಲ ಎಂದು ಮೇಲ್ವಿಚಾರಕರಿಗೆ ತಿಳಿಸಿದೆ. ಅವರು ನಗಬೇಕೋ ಬೇಡವೋ ತಿಳಿಯದೆ, ಸರಿ ಎಂದರು.

ಮುಂದಿನ ಋತು ಶುರುವಾಯಿತು. ತಂಡ ಪೈಲ್ವಾನನಿಗೆ ಇನ್ನೊಂದು ವರ್ಷ ಕೊಟ್ಟಿತು. ಯಾರೂ ಅಂದುಕೊಂಡಿರಲಿಲ್ಲ, ನಾನಂತೂ ಸಂತೋಷಪಟ್ಟೆ, ಸಂತೋಷಪಟ್ಟದ್ದಕ್ಕೆ ನಾಚಿಕೆಯನ್ನೂ ಪಟ್ಟೆ. ಅವನ ಶಿಕ್ಷೆ ಮುಗಿದಿತ್ತು, ನನ್ನದು ಮುಗಿದಿರಲಿಲ್ಲ. ಪ್ರತಿ ಪಂದ್ಯದ ದಿನ ಆ ಹುಡುಗನ ತಂಡದ ಪಟ್ಟಿಯನ್ನು ಫೋನಿನಲ್ಲಿ ತೆಗೆದು ನೋಡುತ್ತಿದ್ದೆ. ಜನವರಿಯ ಒಂದು ಸಂಜೆ ಅವನ ಹೆಸರು ಅಲ್ಲಿತ್ತು. ಅಡುಗೆಮನೆಯಲ್ಲಿ ನಿಂತು ಅತ್ತೆ. ಮಗಳು ಬಂದು, ಏನೂ ಕೇಳದೆ, ಕಪಾಟಿನಿಂದ ನನ್ನ ಎರಡು ಸ್ವೆಟರು ತಂದು ಕುರ್ಚಿಯ ಮೇಲಿಟ್ಟಳು.

ನಾನು ವಾಪಸ್ಸು ಹೋದ ಮೊದಲ ಪಂದ್ಯದಲ್ಲೇ ಪೈಲ್ವಾನ್ ಬಂದು ಕೂತ. ಎರಡು ನಿಮಿಷ. ಎಲ್ಲಿ ಹೋಗಿದ್ರಿ ಮೇಡಂ ಎಂದು ಅವನೇ ಕೇಳಿದ. ಪೆನಾಲ್ಟಿ ಎಂದೆ. ಅವನು ನನ್ನನ್ನು ನೋಡಿದ. ನಾನು ಬರೆದದ್ದು ಅವನಿಗೆ ತಿಳಿದಿತ್ತು. ನನ್ನ ಬಗ್ಗೆಯೂ ಬರೆದಿದ್ದೆ ಎಂಬುದು ಆಗಷ್ಟೇ ತಿಳಿಯಿತೋ ಏನೋ.

ಹತ್ತು ಸೆಕೆಂಡ್ ಎಂದೆ. ಅವನು ಎದ್ದು ಬಾಗಿಲಿಗೆ ಭುಜ ಕೊಟ್ಟು ನಿಂತ. ಗಡಿಯಾರ ಸೊನ್ನೆಗೆ ಬಂತು. ನಾನು ಚಿಲಕ ಎಳೆಯಲಿಲ್ಲ. ನಮ್ಮ ಮನೆಯಲ್ಲಿ ಮಾತೆಲ್ಲ ಉರ್ದುವಿನಲ್ಲಿ, ಶಾಲೆಯಲ್ಲಿ ಕಲಿತ ಕನ್ನಡ ತಾನಾಗಿ ಬಾಯಿಗೆ ಬರುವುದು ಸಿಟ್ಟಿನಲ್ಲಿ ಮತ್ತು ಭಯದಲ್ಲಿ.

"ಹೊರಗೆ ಹೋಗಿ ಏನ್ ಮಾಡ್ತೀಯಾ?"

ಅವನಿಗೆ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಮತ್ತೆ ಕೇಳಿದೆ. ಆಚೆಯಿಂದ ಕೋಚ್ ಕೂಗುತ್ತಿದ್ದ. ಪೈಲ್ವಾನ್ ಹೊರಗೆ ನೋಡಲಿಲ್ಲ, ನನ್ನ ಕೈ ನೋಡಿದ. ಆಡ್ತೀನಿ ಮೇಡಂ ಎಂದ, ಬರೀ ಆಡ್ತೀನಿ. ಬಾಗಿಲು ತೆಗೆದೆ. ಅವನು ಎರಡು ಸಲ ಕೋಲು ತಟ್ಟಿ ಹೋದ.

ಪಂದ್ಯ ಮುಗಿದ ಮೇಲೆ ವರದಿಯ ಹಾಳೆಯಲ್ಲಿ ನಾನೇ ಬರೆದೆ: ಬಾಗಿಲು ಎಂಟು ಸೆಕೆಂಡ್ ತಡ, ಬೇಕೆಂದೇ. ಅಂದಿನಿಂದ ಆ ಪೆಟ್ಟಿಗೆಯಿಂದ ಹೊರಡುವ ಪ್ರತಿಯೊಬ್ಬನನ್ನೂ ಕೇಳುತ್ತೇನೆ. ಈಗೀಗ ಹತ್ತು ಸೆಕೆಂಡ್ ಇರುವಾಗಲೇ ಕೇಳುವುದರಿಂದ ತಡವಾಗುವುದಿಲ್ಲ.