ಎದುರು ಮನೆಯಲ್ಲಿಟ್ಟ ಪ್ರಸ್ಥಾನ

ಬನಶಂಕರಿಯ ನಮ್ಮ ಮನೆಯಿಂದ ನಾವು ವಿಮಾನ ನಿಲ್ದಾಣ ಮುಟ್ಟುವಷ್ಟರಲ್ಲಿ ವಿಮಾನ ಹುಬ್ಬಳ್ಳಿಗೆ ಹೋಗಿ ವಾಪಸ್ಸೂ ಬಂದಿರುತ್ತದೆ. ಅದಕ್ಕೇ ಆರೂವರೆಯ ವಿಮಾನಕ್ಕೆ ಮೂರೂಕಾಲಿಗೇ ಮನೆ ಬಿಡಬೇಕೆಂದು ಹೇಳಿದೆ. ಅಮ್ಮ ಅಡುಗೆಮನೆಯ ಕ್ಯಾಲೆಂಡರ್ ನೋಡಿದಳು. ಮಂಗಳವಾರ, ಮೂರರಿಂದ ನಾಲ್ಕೂವರೆ ರಾಹುಕಾಲ.

ಹುಬ್ಬಳ್ಳಿಯಲ್ಲಿ ಅಮ್ಮನ ಅಕ್ಕ, ನನ್ನ ದೊಡ್ಡಮ್ಮನಿಗೆ ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. ಒಳಗೆ ಕರೆದೊಯ್ಯುವ ಮೊದಲು ತಂಗಿಯ ಮುಖ ನೋಡಬೇಕು ಎಂದಿದ್ದಳು. ಬೇರೇನನ್ನೂ ಕೇಳಿರಲಿಲ್ಲ.

"ಎರಡೂವರೆಗೇ ಹೊರಟುಬಿಡೋಣ ಕಣೆ."

"ಮೂರರ ತನಕ ಮೀಟಿಂಗ್ ಇದೆ ನಂಗೆ."

ಆ ಮೀಟಿಂಗನ್ನು ಮುಂದೂಡಬಹುದಿತ್ತು. ಮುಂದೂಡಿದರೆ ಕ್ಯಾಲೆಂಡರಿಗೆ ಸೋತಂತೆ ಎಂದುಕೊಂಡೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆದ್ದವಳು ನಾನು. ಮನೆಯಲ್ಲೂ ಎದುರಾಳಿ ಬೇಕಾಗುತ್ತಿತ್ತು.

ಅಮ್ಮ ವಾದ ಮಾಡಲಿಲ್ಲ. "ಹಾಗಾದ್ರೆ ಪ್ರಸ್ಥಾನ ಇಡ್ತೀನಿ" ಎಂದಳು. ಹೊರಡುವ ಗಳಿಗೆ ಸರಿಯಿಲ್ಲದಿದ್ದರೆ, ಒಳ್ಳೆಯ ಗಳಿಗೆಯಲ್ಲಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವಾಗಲಾದರೂ ಚೀಲ ಎತ್ತಿಕೊಂಡು ಹೊರಡಬಹುದು.

"ಅಂದ್ರೆ ರಾಹೂಗೇ ಟೋಪಿ ಹಾಕ್ತೀಯಾ? ಅಷ್ಟು ಪೆದ್ದನಾ ಅವನು?"

"ನಿನ್ನ ಹತ್ರ ಮಾತಾಡಿ ಗೆದ್ದೋರುಂಟಾ? ಚೀಲ ಇಟ್ರೆ ನಿನ್ನ ಗಂಟೇನು ಹೋಗತ್ತೆ?"

ಹನ್ನೊಂದು ಗಂಟೆಗೆ ಬಟ್ಟೆಯ ಚೀಲವೊಂದನ್ನು ಎದುರು ಮನೆ ಆಂಟಿಯ ಜಗಲಿಯ ಮೇಲಿಟ್ಟು ಬಂದಳು. ಅವಳು ಸ್ನಾನಕ್ಕೆ ಹೋದಾಗ ನಾನು ರಸ್ತೆ ದಾಟಿ, "ಅಮ್ಮ ತಗೊಂಡು ಬಾ ಅಂದ್ಲು ಆಂಟಿ" ಎಂದು ಅದನ್ನು ವಾಪಸ್ ತಂದು ನನ್ನ ಕೋಣೆಯ ಬಾಗಿಲ ಹಿಂದೆ ಇಟ್ಟೆ. ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಹೇಳುವ ಸಾಲು ಕೂಡ ಸಿದ್ಧವಿತ್ತು: ನೋಡು, ನಿನ್ನ ಪ್ರಸ್ಥಾನ ಮನೆಯಲ್ಲೇ ಇತ್ತು, ಏನಾಯ್ತು?

ಮೀಟಿಂಗ್ ಎಳೆಯಿತು. ಕ್ಯಾಬ್‌ನವನು ಕೆಳಗಿನಿಂದ ಹಾರ್ನ್ ಹೊಡೆಯುತ್ತಲೇ ಇದ್ದ. ಗಡಿಬಿಡಿಯಲ್ಲಿ ಸೂಟ್‌ಕೇಸ್ ಇಳಿಸಿದೆ. ಅಮ್ಮ ಎದುರು ಗೇಟಿನ ಕಡೆ ತಿರುಗಿದಳು.

"ಚೀಲ ಆಗ್ಲೇ ಡಿಕ್ಕಿಗೆ ಹಾಕಿದೀನಿ, ಹತ್ತಮ್ಮ."

ಸೂಟ್‌ಕೇಸಿನ ಜೊತೆಗೆ ಅದನ್ನೂ ತಂದಿದ್ದೇನೆಂದೇ ನಂಬಿದ್ದೆ. ತಂದಿರಲಿಲ್ಲ.

ನಿಲ್ದಾಣದ ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು.

"ಆಧಾರ್ ಆ ಚೀಲದಲ್ಲೇ ಇರೋದು" ಎಂದಳು ಅಮ್ಮ. "ಬಿಟ್ಟು ಹೋಗೋಕೆ ಆಗದ್ದನ್ನೇ ಪ್ರಸ್ಥಾನ ಇಡೋದು."

ನನ್ನ ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿ ವಾದಿಸಿದೆ. ನಿಯಮದ ಹಿಂದಿನ ಉದ್ದೇಶವೇನು ಎಂದೆಲ್ಲ ಕೇಳಿದೆ. ಕಾವಲಿನವರು ತಾಳ್ಮೆಯಿಂದ ಕೇಳಿಸಿಕೊಂಡು, "ಒರಿಜಿನಲ್ ಬೇಕು ಮೇಡಂ" ಎಂದು ಹಿಂದಿನವರನ್ನು ಕರೆದರು. ಆನ್‌ಲೈನಿನಲ್ಲಿ ತೆಗೆಯೋಣವೆಂದರೆ ಓಟಿಪಿ ಹೋಗುವುದು ಅಮ್ಮ ಎಂದೋ ಬಿಟ್ಟ ನಂಬರಿಗೆ.

ಅಮ್ಮ ಎದುರು ಮನೆಗೆ ಫೋನ್ ಮಾಡಿದಳು. ಆಂಟಿಯದು ದೊಡ್ಡ ಗಂಟಲು, ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಮಧ್ಯಾಹ್ನಾನೇ ನಿಮ್ಮ ಮಗಳು ಬಂದು ತಗೊಂಡು ಹೋದ್ಲಲ್ರೀ, ನೀವೇ ಹೇಳಿದ್ರಿ ಅಂತ!"

"ಹೌದಲ್ವಾ, ಮರ್ತೇ ಹೋಗಿತ್ತು ನೋಡಿ."

ಫೋನ್ ಇಟ್ಟು ನನ್ನ ಮುಖ ನೋಡಿದಳು. ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಉತ್ತರಿಸುತ್ತಿದ್ದೆ. ಕೇಳಲಿಲ್ಲ. "ಬಸ್ ಸಿಗತ್ತಾ ನೋಡು" ಎಂದಳು.

ಮರುದಿನ ಬೆಳಿಗ್ಗೆ ನಾವು ಬಸ್ಸಿಳಿದು ಆಸ್ಪತ್ರೆ ತಲುಪಿದಾಗ ದೊಡ್ಡಮ್ಮನನ್ನು ಒಳಗೆ ಕರೆದುಕೊಂಡು ಹೋಗಿ ಅರ್ಧ ಗಂಟೆಯಾಗಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಅವಳಿಗೆ ಮಾತಾಡುವಷ್ಟು ಶಕ್ತಿ ಬಂದ ದಿನ ಅಮ್ಮ ಅವಳ ಕೈ ಹಿಡಿದು ಕೂತಿದ್ದಳು. ಮದುವೆಯಾಗಿ ಹೋದಾಗಿನಿಂದ ದೊಡ್ಡಮ್ಮನ ಮಾತೆಲ್ಲ ಹುಬ್ಬಳ್ಳಿಯದೇ. "ನೀ ಬರ್ತೀ ಅಂತ ಬಾಗಲಾ ನೋಡಕೋತ ಮಲಗಿದ್ದೆ" ಎಂದಳು.

"ರಾಹುಕಾಲದಲ್ಲಿ ಹೊರಟ್ವಿ ಅಕ್ಕಾ. ಅವಸರದಲ್ಲಿ ಪ್ರಸ್ಥಾನದ ಚೀಲಾನೇ ಮರೆತೆ. ನಂದೇ ತಪ್ಪು."

ಅಮ್ಮ ಇದನ್ನು ಆಗಲೇ ಬಂಧುಗಳಿಗೆಲ್ಲ ಹೇಳಿಯಾಗಿತ್ತು. ನಾನು ಯಾವ ರಾಹುಕಾಲವನ್ನು ಹಂಗಿಸಿದ್ದೆನೋ, ಅದರ ಹಿಂದೆಯೇ ಅವಳು ನನ್ನನ್ನು ಬಚ್ಚಿಟ್ಟಿದ್ದಳು.

ದೊಡ್ಡಮ್ಮ ದಿಂಬಿನ ಮೇಲೆ ನಿಧಾನವಾಗಿ ನನ್ನ ಕಡೆ ತಲೆ ಹೊರಳಿಸಿದಳು.

"ನೀ ಶಾಣ್ಯಾಕಿ ಇದ್ದಿ. ನೀನರ ಹೇಳಬಾರದೇನವಾ ನಿಮ್ಮವ್ವಗ?"

ಅಮ್ಮ ಹೊದಿಕೆಯ ಅಂಚು ಸರಿಮಾಡುತ್ತಿದ್ದಳು, ತಲೆ ಎತ್ತಲಿಲ್ಲ. ನಾನು, "ಹೇಳಬೇಕಿತ್ತು ದೊಡ್ಡಮ್ಮ" ಎಂದೆ. ಅಷ್ಟೇ ಹೇಳಿದೆ.